ಗುರುಲಿಂಗವ್ವನ ಕಸೂತಿ

ಯಾವ ಅಂಗಿ ಹಾಕಿಕೊಳ್ಳುವುದೆಂದು ತಿಳಿಯದೆ ರಾಚಪ್ಪ ಬೆಳಗಿನಿಂದ ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಭಾನುವಾರ, ಕಚೇರಿಯೂ ಇರಲಿಲ್ಲ. ಗಿಣಿಹಸಿರು ಖಾದಿಯ ಅಂಗಿ, ಅದರ ಕಾಲರಿನ ಎರಡು ತುದಿಗೆ ಎರಡು ಕೆಂಪು ದಾರದ ಗೋಪುರ. ಅರಿಸಿನ ಬಣ್ಣದ್ದು, ಅದರ ಕಿಸೆಗೆ ಗುಳೇದಗುಡ್ಡದ ಖಣದ ಪಟ್ಟಿ. ನೀಲಿ ಅಂಗಿಯ ಗುಂಡಿಗಳಿಗೆಲ್ಲ ಹಳೆಯ ಇಳಕಲ್ ಸೀರೆಯ ಸೆರಗಿನ ಚೂರು ಹೊದಿಸಿದ್ದ. ಗುಂಡಿ ಹಾಕಿಕೊಳ್ಳುವಾಗ ಬೆರಳಿಗೆ ರೇಷ್ಮೆ ತಾಗುತ್ತಿತ್ತು. ಆ ಸುಖ ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ. ಕೈಗಡಿಯಾರದ ಚರ್ಮದ ಪಟ್ಟಿ ಹರಿದಾಗ ಸೀರೆಯ ದಡಿಯನ್ನೇ ಮಡಚಿ ಹೊಲಿದು ಪಟ್ಟಿ ಮಾಡಿಕೊಂಡಿದ್ದ. ಹತ್ತಿ ಮಾರಾಟದ ಸಂಘವೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತನಿಗೆ ಇಷ್ಟು ಬಣ್ಣ ಯಾತಕ್ಕೆ ಎಂದು ಕೇಳಿದವರಿದ್ದರು. ಬಿಳಿ ಧೋತರ, ಬಿಳಿ ಟೊಪ್ಪಿಗೆಗಳ ಬಾಗಲಕೋಟೆಯ ಬಜಾರಿನಲ್ಲಿ ಅವನು ಬೆಲ್‌ಬಾಟಮ್ ಬೀಸುತ್ತ ಬಂದರೆ ದೂರದಿಂದಲೇ ಗುರುತು ಸಿಗುತ್ತಿತ್ತು. ಶೋಕೀಲಾಲ ಬಂದ ಎನ್ನುತ್ತಿದ್ದರು. ಅನ್ನಲಿ ಬಿಡು ಎಂದು ಮುಖ ಗಂಭೀರ ಮಾಡಿಕೊಂಡರೂ ಒಳಗೊಳಗೇ ಹಿಗ್ಗುತ್ತಿದ್ದ. ಆ ಗೋಪುರ, ಆ ಪಟ್ಟಿ, ಆ ಗುಂಡಿ ಎಲ್ಲವನ್ನೂ ಕದ ಹಾಕಿಕೊಂಡು ತನ್ನ ಕೈಯಾರೆ ಮಾಡಿದ್ದ. ಊರಿಗೆ ಗೊತ್ತಿದ್ದುದು ಬೇರೆ. ಊರಿನ ಪಾಲಿಗೆ ಅದೆಲ್ಲ ಅವನ ಹೆಂಡತಿ ಗುರುಲಿಂಗವ್ವನ ಕಸೂತಿ.

"ಏನ್ರಿ, ನಾ ಹೇಳಿದ್ದು ವಿಚಾರ ಮಾಡಿದ್ರೇನು?" ಗುರುಲಿಂಗವ್ವ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

"ಯಾವದು?"

"ಯಾವದು ಅಂತ ಕೇಳ್ತೀರಲ್ಲ! ಇವತ್ತ ಮಹಿಳಾ ಮಂಡಳದಾಗ ಅಷ್ಟು ಮಂದಿ ಮುಂದ ನಾ ಸೂಜಿ ಹಿಡದು ಕುಂದ್ರಬೇಕು. ಏನ ಮಾಡಿ ತೋರಸಲಿ? ರೊಟ್ಟಿ ಬಡದು ತೋರಸಲೇನು?"

ರಾಚಪ್ಪನಿಗೆ ನಗು ಬಂತು. ಅವಳು ನಗುತ್ತಿಲ್ಲವೆಂದು ತಿಳಿದಾಗ ಅದು ಅರ್ಧಕ್ಕೇ ನಿಂತಿತು. "ಕೈ ನೋಯಾಕತ್ತೈತಿ ಅನ್ನು. ಬೆರಳಿಗೆ ಬಟ್ಟಿ ಸುತಗೊಂಡು ಹೋಗು," ಎಂದ.

"ಇವತ್ತ ಸುತಗೋತೇನಿ. ಮುಂದಿನ ತಿಂಗಳಿಂದ ಹುಡಿಗ್ಯಾರಿಗೆ ಕಸೂತಿ ಕಲಸಬೇಕು ಅಂತಾರ ಮಂಡಳದ ತುಳಸೀಬಾಯಿಯವರು. ಇವತ್ತ ಎಲ್ಲಾರ ಮುಂದ ಹೇಳೋರದಾರ. ಆಮ್ಯಾಲೆ ದಿನಾ ಸುತಗೊಂಡು ಹೋಗ್ಲೇನು?" ಅವಳು ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸುತ್ತಿದ್ದಳು. "ನಾನ ಹೇಳ್ತೇನಿ. ಇದು ನನ್ನ ಕೆಲಸ ಅಲ್ರಿ, ನಮ್ಮನಿಯವರದು ಅಂತ. ನೀವೇನೂ ಭಾಷಣ ಮಾಡೂದು ಬ್ಯಾಡ. ಯಾರರ ಕೇಳಿದ್ರ ಹೌದು ಅನ್ರಿ. ಅಷ್ಟ ಸಾಕು."

"ಹೂಂ," ಎಂದ ರಾಚಪ್ಪ.

ಆ ಹೂಂ ಅವಳಿಗೆ ಸಾಕಾಯಿತು. ಒಳಗೆ ಹೋದಳು, ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಆ ಸದ್ದಿನಲ್ಲಿ ಎಷ್ಟು ಸಮಾಧಾನವಿತ್ತೆಂದರೆ ರಾಚಪ್ಪನಿಗೆ ಅವಳ ಮೇಲೆ ಸಿಟ್ಟು ಬಂತು. ಇಷ್ಟು ಬೇಗ ನಂಬುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಸುಳ್ಳು ಶುರುವಾದದ್ದು ಹಿಂದಿನ ವರ್ಷ, ದೀಪಾವಳಿ ಮುಗಿದ ಮರುದಿನ, ಕಚೇರಿಯಲ್ಲಿ. ಪಕ್ಕದ ಮೇಜಿನ ವೆಂಕಟೇಶ ಚಹಾ ಕುಡಿಯುತ್ತ ಕುಡಿಯುತ್ತ ಅವನ ಕಾಲರು ಹಿಡಿದು ಹತ್ತಿರಕ್ಕೆ ಎಳೆದಿದ್ದ. "ಯಾರ ಕೈ ಕೆಲಸಲೇ ಇದು? ಪ್ಯಾಟಿಯೊಳಗಿಂದಂತೂ ಅಲ್ಲ." ರಾಚಪ್ಪ ಒಂದು ಕ್ಷಣವೂ ತಡಮಾಡಿರಲಿಲ್ಲ. "ನಮ್ಮ ಮನ್ಯಾಕಿದು," ಎಂದಿದ್ದ. ಬಾಯಲ್ಲಿ ಮೊದಲೇ ತಯಾರಾಗಿ ಕೂತಿದ್ದ ಮಾತು ಅದು. ವೆಂಕಟೇಶ ಶಿಳ್ಳೆ ಹಾಕಿದ್ದ, ಎಲ್ಲರೂ ಎದ್ದು ಬಂದು ನೋಡಿದ್ದರು, ಕಾಲರನ್ನು ಮಗುಚಿ ಹಿಂಬದಿಯನ್ನೂ ನೋಡಿದ್ದರು. ಅಂದು ರಾಚಪ್ಪನಿಗೆ ಒಂದು ವಿಷಯ ಹೊಳೆಯಿತು. ಗಂಡಸು ಬಣ್ಣದ ಅಂಗಿ ಹಾಕಿದರೆ ಅದು ಶೋಕಿ, ಅದಕ್ಕೆ ಮಾಫಿಯುಂಟು. ಅದನ್ನು ಹೆಂಡತಿ ಎಳೆ ಎಣಿಸಿ ಕಸೂತಿ ಹಾಕಿ ಕೊಟ್ಟಿದ್ದಾಳೆಂದರೆ ಅವನು ಭಾಗ್ಯವಂತ. ಅದೇ ಅಂಗಿಯನ್ನು ತಾನೇ ಕೂತು ಮಾಡಿಕೊಂಡನೆಂದರೆ ಅಂಥವನಿಗೆ ಈ ಊರಿನಲ್ಲಿ ಇರುವ ಹೆಸರು ಬೇರೆ. ಸಂಜೆ ಕಂದೀಲಿನ ಮುಂದೆ ತನಗೋಸ್ಕರ ಕಣ್ಣು ನೋಯಿಸಿಕೊಳ್ಳುವ ಹೆಂಡತಿಯೊಬ್ಬಳನ್ನು ಅವನು ಅಂದು ಕಚೇರಿಯಲ್ಲಿ ಹುಟ್ಟಿಸಿದ. ಬರಬರುತ್ತ ಅವನೇ ಅವಳನ್ನು ನಂಬತೊಡಗಿದ. ಒಮ್ಮೆ ಕಾಲರಿನ ಗೋಪುರದಲ್ಲಿ ಒಂದೆಳೆ ತಪ್ಪಿದ್ದು ಕನ್ನಡಿಯಲ್ಲಿ ಕಂಡಾಗ, ಇವಳಿಗೆ ನೋಡಿ ಮಾಡಲು ಏನಾಗಿತ್ತು ಎಂದು ಮನಸ್ಸಿನಲ್ಲೇ ಗುರುಲಿಂಗವ್ವನನ್ನು ಬೈದುಕೊಂಡ. ಆಮೇಲೆ ತಪ್ಪು ಯಾರದೆಂದು ನೆನಪಾಗಿ ಸುತ್ತಮುತ್ತ ನೋಡಿದ.

ನಿಜವಾದ ಗುರುಲಿಂಗವ್ವನಿಗೆ ದಾರ ಕಂಡರೆ ಆಗದು. ಇಳಕಲ್ಲಿನ ನೇಕಾರರ ಮನೆಯ ಮಗಳು. ಮಗ್ಗದ ಗುಂಡಿಯ ಪಕ್ಕದಲ್ಲಿ ಕೆಮ್ಮಿ ಕೆಮ್ಮಿ ಅವ್ವ ಸತ್ತಾಗ ಇವಳು ಇನ್ನೂ ಲಂಗದ ಹುಡುಗಿ. ಅವ್ವ ಬಿಟ್ಟುಹೋದ ರಾಟಿ ಇವಳ ಪಾಲಿಗೆ ಬಂತು. ಅಪ್ಪನ ಲಾಳಿಯೊಳಗೆ ಕೂರುವ ಕಂಡಿಕೆಯ ಕೊಳವೆಗೆ ದಾರ ಸುತ್ತಿ ಕೊಡುವುದು, ಸುತ್ತಿದಷ್ಟೂ ಲಾಳಿ ಅದನ್ನು ಖಾಲಿ ಮಾಡುವುದು, ಮತ್ತೆ ಸುತ್ತುವುದು, ಇದೇ ಅವಳು ಕಲಿತ ಸಾಲಿ. ಮದುವೆಯಾಗಿ ಬಾಗಲಕೋಟೆಗೆ ಬಂದ ದಿನ, ಇನ್ನು ದಾರ ಮುಟ್ಟಂಗಿಲ್ಲ ನೋಡ್ರಿ ಎಂದು ಗಂಡನಿಗೆ ಹೇಳಿಬಿಟ್ಟಿದ್ದಳು. ಗಂಡ ಹಾಸಿಗೆಯ ಅಡಿಯಿಂದ ಸೂಜಿ ದಾರ ತೆಗೆದದ್ದನ್ನು ಮೊದಲ ಸಲ ಕಂಡಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಎದ್ದು ಹೋಗಿ ಕಂದೀಲು ತಂದು ಅವನ ಹತ್ತಿರ ಸರಿಸಿಟ್ಟಳು. ಆಮೇಲೆ ಒಂದು ಸಲವೂ ಆಡಿಕೊಳ್ಳಲಿಲ್ಲ. ಆ ವಿಷಯಕ್ಕೆ ರಾಚಪ್ಪನಿಗೆ ಅವಳ ಮೇಲೆ ಕೃತಜ್ಞತೆಯಿತ್ತು. ಕೃತಜ್ಞತೆ ದಿನಾ ಹೊರುವಂಥ ವಸ್ತುವಲ್ಲವಾದ್ದರಿಂದ ಕಿರಿಕಿರಿಯೂ ಇತ್ತು.

ರಾಚಪ್ಪನಿಗೆ ಕಲಿಸಿದವಳು ಅವನ ಅವ್ವ, ಹುನಗುಂದದ ಸಿದ್ದವ್ವ. ಅವಳಿಗೆ ಹೆಣ್ಣುಮಕ್ಕಳಿರಲಿಲ್ಲ. ತಲೆಬಾಗಿಲ ಬೆಳಕಿನಲ್ಲಿ ಕೂತು ಕರಿ ಸೀರೆಯ ಮೇಲೆ ಆನೆ ಸಾಲು ಹಾಕುತ್ತಿದ್ದವಳು ಒಂದು ದಿನ ಜ್ವರದಿಂದ ಎದ್ದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೂಜಿ ಕೈಗಿಟ್ಟಳು. ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು, ಬರುವಾಗ ಬಿಟ್ಟದ್ದನ್ನು ತುಂಬಬೇಕು. ಹೊರಟಲ್ಲಿಗೇ ಬಂದು ಮುಟ್ಟಬೇಕು. ಹಿಂದೆ ಗಂಟು ಇರಬಾರದು, ಮುಂದಿನದೂ ಹಿಂದಿನದೂ ಒಂದೇ ಕಾಣಬೇಕು. ತಪ್ಪಿದರೆ ಸರ್ರನೆ ಎಳೆದು ಬಿಚ್ಚುವಳು, ಬಿಚ್ಚಿದ ಮೇಲೆ ಒಂದು ಚೂರು ಬೆಲ್ಲ ಕೊಡುವಳು. ಒಂದು ಮಧ್ಯಾಹ್ನ ಅಪ್ಪ ಹೊಲದಿಂದ ಹೊತ್ತಿಗೆ ಮುಂಚೆ ಬಂದ. ಮಗನ ತೊಡೆಯ ಮೇಲಿನ ಬಟ್ಟೆ ನೋಡಿದ. ಹೊಡೆಯಲಿಲ್ಲ, ಕೂಗಾಡಲಿಲ್ಲ. "ಬಳಿ ಇಡಸು ಇವನ ಕೈಗೆ," ಎಂದು ಅವ್ವನಿಗೆ ಹೇಳಿ ಕಾಲು ತೊಳೆಯಲು ಹಿತ್ತಲಿಗೆ ಹೋದ. ರಾಚಪ್ಪ ತನ್ನ ಮಣಿಕಟ್ಟು ನೋಡಿಕೊಂಡ. ಈಗಲೂ ಬಳೆಗಾರರ ಓಣಿಯಲ್ಲಿ ಹಾಯುವಾಗ ಕೈಗಳನ್ನು ಕಿಸೆಗೆ ಹಾಕಿಕೊಳ್ಳುತ್ತಾನೆ.

ಕೊನೆಗೆ ಟ್ರಂಕಿನ ತಳದಿಂದ ಹೊಸ ಅಂಗಿಯನ್ನೇ ತೆಗೆದ. ಕುಂಕುಮ ಬಣ್ಣದ್ದು, ತೋಳಿನ ತುದಿಗೆ ಸುತ್ತಲೂ ಬಿಳಿ ಆನೆಗಳು. ಗುರುಲಿಂಗವ್ವ ಉಡಲಿರುವ ಕರಿ ಸೀರೆಯ ಸೆರಗಿಗೂ ಅದೇ ಆನೆಗಳು. ಇಬ್ಬರೂ ಪಕ್ಕಪಕ್ಕ ನಿಂತರೆ ಸೆರಗಿನಿಂದ ಇಳಿದ ಆನೆಗಳು ನಡೆದು ಬಂದು ಅವನ ಕೈಗೆ ಏರಿದಂತೆ ಕಾಣಬೇಕು ಎಂದು ಲೆಕ್ಕ ಹಾಕಿ ಮಾಡಿದ್ದ. ಆರು ತಿಂಗಳು ಹಿಡಿದಿತ್ತು. ಹೌದು ಎಂದು ಒಂದು ಮಾತು ಅಂದರೆ ಏನಾದೀತು ಎಂದು ಅಂಗಿ ತೊಡುತ್ತ ಯೋಚಿಸಿದ. ಎರಡು ದಿನ ನಗುತ್ತಾರೆ. ಆಮೇಲೆ ಮರೆಯುತ್ತಾರೆ. ಮರೆಯುತ್ತಾರೆಯೇ? ಕಾಲು ಕುಂಟಾದವನಿಗೆ, ಹೆಂಡತಿ ಓಡಿಹೋದವನಿಗೆ ಈ ಊರು ಇಟ್ಟ ಹೆಸರುಗಳು ಅವರವರ ಮಕ್ಕಳ ಕಾಲಕ್ಕೂ ಉಳಿದಿವೆ. ಆಲಮಟ್ಟಿಯ ನೀರು ಬಂದು ಊರು ಮುಳುಗಿದರೂ ಹೆಸರು ತೇಲುತ್ತದೆ. ಆದರೆ ಹಿಂದೆಯೇ ಇನ್ನೊಂದು ಆಸೆಯೂ ಎದ್ದಿತು. ಮಂಡಳದ ಮುದುಕಿಯರು ಸೆರಗನ್ನು ಮಗುಚಿ ಮಗುಚಿ ನೋಡಿ ಅಬ್ಬಾ ಎನ್ನುವಾಗ ಅದು ನನ್ನದು, ಈ ಕೈಯದು ಎಂದು ಹೇಳಿಬಿಟ್ಟರೆ? ತೊಟ್ಟ ಅಂಗಿಯ ಗುಂಡಿಗಳನ್ನು ಬಿಚ್ಚಿ ಮತ್ತೆ ಹಾಕಿಕೊಂಡ. ಅದು ಹೆದರಿಕೆಯಿಂದಲೋ ಸಂತೋಷದಿಂದಲೋ ಅವನಿಗೆ ತಿಳಿಯಲಿಲ್ಲ.

ಕಿಲ್ಲಾ ಓಣಿಯ ಇಳಿಜಾರಿನಲ್ಲಿ ಗುರುಲಿಂಗವ್ವ ಅವನ ಜೊತೆ ಜೊತೆಗೇ ನಡೆದಳು. ಎಂದಿನಂತೆ ಹಿಂದೆ ಉಳಿಯಲಿಲ್ಲ. ಕರಿ ಸೀರೆಯಲ್ಲಿ ಚೆನ್ನಾಗಿ ಕಾಣುತ್ತಿದ್ದಳು. ಅದನ್ನು ಹೇಳಬೇಕೆಂದುಕೊಂಡ, ಹೇಳಿದರೆ ತನ್ನ ಕೆಲಸವನ್ನು ತಾನೇ ಹೊಗಳಿಕೊಂಡಂತೆ ಎನಿಸಿ ಬಿಟ್ಟ. ಈ ಸುಳ್ಳಿನಿಂದ ಅವಳಿಗೂ ಒಂದಿಷ್ಟು ದಿನ ಸುಖವಾಗಿತ್ತಲ್ಲ ಎಂದು ತನ್ನನ್ನು ಸಮರ್ಥಿಸಿಕೊಂಡ. ಸಂಘದ ಸಾಹೇಬರ ಹೆಂಡತಿ ತುಳಸೀಬಾಯಿ, ಮಂಡಳದ ಅಧ್ಯಕ್ಷೆ, ಇವಳನ್ನು ಅರಿಸಿನ ಕುಂಕುಮಕ್ಕೆ ಕರೆದು ನಡುಮನೆಯಲ್ಲಿ ಚಾಪೆ ಹಾಕಿ ಕೂರಿಸಿದ್ದಳು. ನೇಕಾರರ ಹುಡುಗಿಗೆ ಆ ಮನೆಯಲ್ಲಿ ಅದೇನು ಸಣ್ಣ ಮಾತೇ? ಬಂದು ಹೇಳುವಾಗ ಅವಳ ಕಣ್ಣು ಮಿಂಚುತ್ತಿತ್ತು. ಆಮೇಲೆ ಒಬ್ಬೊಬ್ಬರೇ ಕುಪ್ಪಸದ ಬಟ್ಟೆ, ಸೆರಗು ಕಳಿಸತೊಡಗಿದರು, ಅವಳು ತಂದು ಇವನ ಮುಂದೆ ಇಡುವಳು, ಇವನು ಕದ ಹಾಕಿಕೊಂಡು ಮಾಡುವನು. ಶ್ರಾವಣದಲ್ಲಿ ಅವಳೇ ಹತ್ತಿರ ಬಂದು ಕೂತಿದ್ದಳು. "ನನಗೂ ಕಲಸ್ರಿ. ಸುಳ್ಳನ್ನ ಖರೇ ಮಾಡಿಬಿಡೋಣು," ಎಂದಿದ್ದಳು. ದಾರ ಮುಟ್ಟುವುದಿಲ್ಲವೆಂದವಳು. ಹಲವು ದಿನ ಒದ್ದಾಡಿ ಒಂದು ಗೋಪುರ ನಿಲ್ಲಿಸಿ, ಓಡಿ ಬಂದು ತೋರಿಸಿದಳು. ಮುಂದೆ ಸೊಟ್ಟಗಿದ್ದರೂ ಗೋಪುರವೇ. ರಾಚಪ್ಪ ಬಟ್ಟೆ ಮಗುಚಿದ. ಹಿಂದೆ ಗಂಟು. ಮರುಮಾತಿಲ್ಲದೆ ಕತ್ತರಿಯಿಂದ ಗಂಟು ಕತ್ತರಿಸಿ ದಾರವನ್ನೆಲ್ಲ ಎಳೆದುಹಾಕಿದ. "ಗಂಟ ಹಾಕಬ್ಯಾಡ ಅಂತ ಹೇಳಿದ್ದಿಲ್ಲೇನು?" ಎಂದ. ಅವಳು ನೆಲದ ಮೇಲಿನ ಸಿಕ್ಕನ್ನೇ ನೋಡುತ್ತಿದ್ದಳು. "ನಿಮ್ಮವ್ವನೂ ನಿಮಗ ಹಿಂಗ ಮಾಡತಿದ್ರೇನು?" ಎಂದು ಕೇಳಿದಳು. ಬೆಲ್ಲದ ಮಾತು ಅವನು ಹೇಳಲಿಲ್ಲ. ಅವಳು ಮತ್ತೆ ಸೂಜಿ ಹಿಡಿಯಲಿಲ್ಲ. ಅಂದು ತನಗೆ ಸಿಟ್ಟು ಬಂದದ್ದು ಗಂಟಿನ ಮೇಲಲ್ಲ, ಅವಳಿಗೂ ಕಸೂತಿ ಬಂದುಬಿಟ್ಟೀತೆಂಬ ದಿಗಿಲು ಅದು ಎಂದು ರಾಚಪ್ಪನಿಗೆ ಗೊತ್ತಿತ್ತು. ಹೆಸರು ಅವಳದಾಗಲಿ, ಕೈ ಮಾತ್ರ ತನ್ನದೇ ಇರಬೇಕು. ಎಂಥ ಕ್ಷುಲ್ಲಕ ಮನುಷ್ಯ ನಾನು ಎಂದುಕೊಂಡ. ಹಾಗೆ ಅಂದುಕೊಂಡದ್ದರಿಂದ ಸ್ವಲ್ಪ ಹಗುರವಾಯಿತು, ಮುಂದಿನ ತಿರುವಿನಲ್ಲಿ ಪಾನಿನ ಅಂಗಡಿಯ ಕನ್ನಡಿಯಲ್ಲಿ ಕಾಲರು ಸರಿಮಾಡಿಕೊಂಡ.

ಮಂಡಳದ ಸಭಾಗೃಹಕ್ಕೆ ಬಣ್ಣದ ಕಾಗದ ಕಟ್ಟಿದ್ದರು. ಗೋಡೆಗುಂಟ ಮೇಜುಗಳು, ಅವುಗಳ ಮೇಲೆ ಉಲ್ಲನ್ನಿನ ಟೊಪ್ಪಿಗೆ, ಮಣಿಯ ಚೀಲ, ಕ್ರೋಶಾ ಹೆಣಿಗೆಯ ತೋರಣ. ಹೆಂಗಸರು ಜಮಖಾನೆಯ ಮೇಲೆ. ಗಂಡಸರಿಗೆ ಬಾಗಿಲ ಹತ್ತಿರ ಕುರ್ಚಿ. ಸಾಹೇಬರು ಮುಂದೆ ಕೂತಿದ್ದರು. ವೆಂಕಟೇಶನೂ ಬಂದಿದ್ದ. "ಏನಲೇ, ಗಂಡ ಹೆಂಡತಿ ಕೂಡಿ ಆನಿ ಸಾಕೀರಿ!" ಎಂದು ರಾಚಪ್ಪನ ತೋಳು ಹಿಡಿದು ಎಲ್ಲರಿಗೂ ತೋರಿಸಿದ. ಅತ್ತ ಗುರುಲಿಂಗವ್ವನ ಸುತ್ತ ಹೆಂಗಸರು ಮುಗಿಬಿದ್ದಿದ್ದರು. ಮೂಗಿನ ಮೇಲೆ ಚಾಳೀಸು ಏರಿಸಿದ್ದ ಮುದುಕಿಯೊಬ್ಬಳು ಸೆರಗನ್ನು ಕಣ್ಣಿನ ಹತ್ತಿರ ಹಿಡಿದು, ಮಗುಚಿ, ಮತ್ತೆ ಮಗುಚಿ, "ಯಾವದು ಮುಂದಿಂದು, ಯಾವದು ಹಿಂದಿಂದು ತಿಳಿವಲ್ದಲ್ಲವಾ!" ಎಂದಳು. ರಾಚಪ್ಪ ಕುರ್ಚಿಯ ಅಂಚಿಗೆ ಸರಿದು ಕೂತ. ಇಷ್ಟು ವರ್ಷದಲ್ಲಿ ಅವನ ಕೆಲಸವನ್ನು ಬಲ್ಲವರ ಕಣ್ಣು ಅವನೆದುರಿಗೇ ನೋಡಿದ್ದು ಇದೇ ಮೊದಲು, ಆ ಕಣ್ಣು ಹೋಗಿ ನಿಂತದ್ದು ಗುರುಲಿಂಗವ್ವನ ಮುಖದ ಮೇಲೆ.

ತುಳಸೀಬಾಯಿ ಎದ್ದು ನಿಂತಳು. ಬೆಳ್ಳಿಯ ಕುಂಕುಮದ ಭರಣಿ ಕೈಯಲ್ಲಿತ್ತು. "ಇದು ಈ ವರ್ಷದ ಬಹುಮಾನ. ಯಾರಿಗೆ ಅಂತ ನಾ ಹೇಳೂದು ಬ್ಯಾಡ, ಎಲ್ಲಾರಿಗೂ ಗೊತ್ತದ. ಮುಂದಿನ ತಿಂಗಳಿಂದ ಈಕಿನ ನಮ್ಮ ಹುಡಿಗ್ಯಾರಿಗೆ ಕಸೂತಿ ಕಲಸಾಕಿ. ಬಾರವಾ ಗುರುಲಿಂಗವ್ವ, ಇಲ್ಲೆ ಕೂತು ಒಂದು ಆನಿ ಹಾಕಿ ತೋರಸು."

ಗುರುಲಿಂಗವ್ವ ಎದ್ದಳು. ಕೂರಲಿಲ್ಲ. ಗಂಡನ ಕಡೆ ಒಮ್ಮೆ ನೋಡಿ, "ಬಾಯಿಯವರ, ಒಂದು ಮಾತು ಹೇಳಬೇಕ್ರಿ," ಎಂದಳು. "ಇದು ನನ್ನ ಕೆಲಸ ಅಲ್ರಿ. ನನಗ ಒಂದು ಗುಂಡಿ ಸೈತ ಹಚ್ಚಾಕ ಬರಂಗಿಲ್ಲ. ಇದೆಲ್ಲಾ ನಮ್ಮನಿಯವರು ಮಾಡಿದ್ದು."

ಮೊದಲು ಜಮಖಾನೆಯ ಆ ತುದಿಯಿಂದ ಒಬ್ಬಳು ಕಿಸಕ್ಕೆಂದಳು. ನಗು ಸಾಲುಗುಂಟ ಹಬ್ಬಿಕೊಂಡು ಬಾಗಿಲಿನವರೆಗೆ ಬಂತು. ಮುದುಕಿ ಚಾಳೀಸು ತೆಗೆದು ಕಣ್ಣೊರೆಸಿಕೊಂಡಳು. "ನೋಡ್ರಿ, ಗಂಡನ್ನ ಎಷ್ಟು ಛಂದ ಚಾಷ್ಟಿ ಮಾಡ್ತಾಳ!" ಎಂದಳು ತುಳಸೀಬಾಯಿ. ಸಾಹೇಬರು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. "ಏನೋ ರಾಚಪ್ಪ, ಖರೆ ಏನೋ? ನಮ್ಮ ಕಚೇರಿಯೊಳಗ ಲೆಕ್ಕ ಬರೀತಿ, ಮನಿಯೊಳಗ ಆನಿ ಬರೀತಿ ಏನು?"

ಎಲ್ಲರೂ ಅವನನ್ನು ನೋಡುತ್ತಿದ್ದರು. ಗುರುಲಿಂಗವ್ವನೂ ನೋಡುತ್ತಿದ್ದಳು, ನಗುವವರ ನಡುವೆ ನಗದೆ. ಹೌದು ಎಂಬ ಮಾತು ನಾಲಗೆಯ ಮೇಲೆ ಬಂದು ಕೂತಿತ್ತು. ಅದಕ್ಕೆ ಭಾರವೇ ಇರಲಿಲ್ಲ. ಬಾಯಿ ತೆರೆದರೆ ತಾನಾಗಿ ಹೊರಗೆ ಬೀಳುತ್ತಿತ್ತು. ಅಷ್ಟರಲ್ಲಿ ಅವನ ಕಣ್ಣು ತನ್ನ ಮಣಿಕಟ್ಟಿನ ಮೇಲೆ ಬಿತ್ತು. ಬಿಳಿ ಆನೆಗಳ ಸಾಲು ಕೈಯನ್ನು ಸುತ್ತುವರಿದಿತ್ತು, ಬಳೆಯ ಹಾಗೆ. ಅಪ್ಪ ಕಾಲು ತೊಳೆಯುವ ನೀರಿನ ಸದ್ದು ಕೇಳಿಸಿತು. ರಾಚಪ್ಪ ನಕ್ಕ. ಮೊದಲು ಸಣ್ಣಗೆ, ಆಮೇಲೆ ಎಲ್ಲರಿಗಿಂತ ಜೋರಾಗಿ. "ಎಲ್ಲೀದ್ರಿ ಸಾಹೇಬ್ರ! ಆಕೀದು ಯಾವಾಗೂ ಹಿಂಗ, ಬರೇ ನಗಚಾಟಿಕಿ," ಎಂದ. ಹೇಳಿದ ಮೇಲೆ ಬೆನ್ನಿಗೆ ತಣ್ಣಗೆ ಗಾಳಿ ಬೀಸಿದಂತಾಗಿ, ನಾಚಿಕೆಗಿಂತ ಮೊದಲು ನೆಮ್ಮದಿಯೇ ಆಯಿತು.

ಗುರುಲಿಂಗವ್ವ ಮೇಜಿನ ಮೇಲಿನ ಸೂಜಿ ದಾರ ಎತ್ತಿಕೊಂಡಳು. ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಾಗಿಲವರೆಗೆ ನಡೆದು ಬಂದು ಅವನ ಮುಂದೆ ಹಿಡಿದಳು. "ಏನ್ರಿ, ಈ ಸೂಜಿ ಪೋಣಿಸಿ ಕೊಡ್ರಿ. ನನ್ನ ಕಣ್ಣಿಗೆ ಹತ್ತವಲ್ದು," ಎಂದಳು. ದನಿ ಮನೆಯೊಳಗಿನ ದನಿಯಷ್ಟು ಮೆತ್ತಗಿತ್ತು. ಅವಳು ಇನ್ನೂ ಒಂದು ಬಾಗಿಲು ತೆರೆದಿಟ್ಟಿದ್ದಾಳೆಂದು ರಾಚಪ್ಪನಿಗೆ ಅರ್ಥವಾಯಿತು. ಮಾತಾಡುವುದೂ ಬೇಡ, ಸುಮ್ಮನೆ ಪೋಣಿಸಿದರೆ ಸಾಕು. ಆ ಕೈ ನೋಡಿದರೆ ಆ ಮುದುಕಿಗೆ ತಿಳಿಯುತ್ತದೆ. ಸೂಜಿ ತಗೊಂಡ. ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೇ ದಾರದ ತುದಿಯನ್ನು ಹೊಸೆದು ಚೂಪು ಮಾಡಿಬಿಟ್ಟವು. ಕತ್ತಲೆಯಲ್ಲೂ ಪೋಣಿಸುವ ಬೆರಳುಗಳು ಅವು. ಅವುಗಳನ್ನು ಹಿಡಿದು ನಿಲ್ಲಿಸುವುದು ಕಷ್ಟವಾಯಿತು. ರಾಚಪ್ಪ ದಾರವನ್ನು ಬಾಯಲ್ಲಿಟ್ಟು ಚೀಪಿದ. ಒಂದು ಕಣ್ಣು ಮುಚ್ಚಿದ. ಸೂಜಿಯ ಕಣ್ಣಿನ ಪಕ್ಕಕ್ಕೆ ಚುಚ್ಚಿದ. ಜನ ನಕ್ಕರು. ಸೂಜಿಯನ್ನು ಬೆಳಕಿಗೆ ಹಿಡಿದು, ಕೈ ನಡುಗಿಸಿ, ಈ ಪಕ್ಕಕ್ಕೆ ಚುಚ್ಚಿದ. "ಗಂಡಸಿನ ಕೈರೀ ಅದು, ಬಿಡ್ರಿ!" ಎಂದು ವೆಂಕಟೇಶ ಕೂಗಿದ. ಇನ್ನೊಮ್ಮೆ ತಪ್ಪಿಸಿದ. ಬೇಕೆಂದೇ ತಪ್ಪುವುದರಲ್ಲೂ ಅವನ ಕೈ ಒಂದೆಳೆಯಷ್ಟೂ ತಪ್ಪಲಿಲ್ಲ. "ನನ್ನ ಕೈಲೆ ಆಗಂಗಿಲ್ಲ ಬಿಡು," ಎಂದು ಪೋಣಿಸದ ಸೂಜಿಯನ್ನು ವಾಪಸು ಕೊಟ್ಟ. ಸೂಜಿ ಚುಚ್ಚಿ ಚುಚ್ಚಿ ಗಡಸಾಗಿದ್ದ ಅವನ ಎಡಗೈಯ ಬೆರಳ ತುದಿಯನ್ನು ಗುರುಲಿಂಗವ್ವ ನೋಡಿದಳು. ಮುಖವನ್ನು ನೋಡಲಿಲ್ಲ.

ಅವಳು ಹೋಗಿ ಎಲ್ಲರ ನಡುವೆ ಕೂತಳು. ದಾರ ಪೋಣಿಸಲು ತುಂಬ ಹೊತ್ತು ಹಿಡಿಯಿತು, ಯಾರೂ ನಗಲಿಲ್ಲ. ಪೋಣಿಸಿ, ದಾರದ ತುದಿಗೆ ಎಲ್ಲರಿಗೂ ಕಾಣುವ ಹಾಗೆ ದಪ್ಪನೆಯ ಗಂಟು ಹಾಕಿದಳು. ಬಟ್ಟೆಗೆ ಚುಚ್ಚಿ ಎಳೆದಳು. ಮತ್ತೆ ಚುಚ್ಚಿದಳು. "ಅಯ್ಯ, ಗಂಟ ಹಾಕಿದ್ಲಲ್ಲ," ಎಂದಳು ಮುದುಕಿ. ಆನೆ ಬರಲಿಲ್ಲ. ಆನೆಯ ಕಾಲೂ ಬರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತುಳಸೀಬಾಯಿ ಭರಣಿಯನ್ನು ಮೇಜಿನ ಮೇಲಿಟ್ಟು ಹತ್ತಿರ ಬಂದಳು. ದನಿ ತಗ್ಗಿಸಿದ್ದರೂ ಬಾಗಿಲವರೆಗೆ ಕೇಳಿಸುತ್ತಿತ್ತು.

"ಖರೆ ಹೇಳು ಗುರುಲಿಂಗವ್ವ. ಇಷ್ಟು ದಿನ ಯಾರ ಕಡಿಂದ ಮಾಡಿಸಿ ತರತಿದ್ದಿ?"

ಗುರುಲಿಂಗವ್ವ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿಟ್ಟಳು. ಬಾಗಿಲ ಕಡೆ ತಿರುಗಲೇ ಇಲ್ಲ. "ಇಳಕಲ್ಲಾಗ ನಮ್ಮವ್ವ ಮಾಡಿ ಕಳಸ್ತಾಳ್ರಿ," ಎಂದಳು.

ಅವಳ ಅವ್ವ ಸತ್ತು ಎಷ್ಟೋ ವರ್ಷವಾಗಿತ್ತೆಂಬುದು ಆ ಸಭೆಯಲ್ಲಿ ರಾಚಪ್ಪನೊಬ್ಬನಿಗೇ ಗೊತ್ತಿತ್ತು. ಎದ್ದು ನಿಲ್ಲಬೇಕೆನಿಸಿತು. ಆದರೆ ಆಗಲೇ ಮಣಿಯ ಚೀಲ ಮಾಡಿದವಳನ್ನು ಕರೆದು ಭರಣಿ ಕೊಡುತ್ತಿದ್ದರು, ಚಪ್ಪಾಳೆ ಬೀಳುತ್ತಿತ್ತು, ಅವನ ಕೈಗಳೂ ಒಂದೆರಡು ಸಲ ತಟ್ಟಿದವು. ಹೊರಗೆ ಬಂದಾಗ ವೆಂಕಟೇಶ ಹೆಗಲ ಮೇಲೆ ಕೈಯಿಟ್ಟ. "ಪಾಪ, ನಿನಗೂ ಗೊತ್ತಿದ್ದಿಲ್ಲ ಅಂತ ಕಾಣಸ್ತದ. ಇರಲಿ ಬಿಡಲೇ, ಮನಿಗೆ ಹೋಗಿ ಭಾಳ ಬೈಬ್ಯಾಡ." ಮೋಸಹೋದ ಗಂಡನಿಗೆ ಸಲ್ಲುವ ಮರುಕ ಅದು. ರಾಚಪ್ಪ ತಲೆ ತಗ್ಗಿಸಿ 'ಇಲ್ಲ, ಬೈಯಂಗಿಲ್ಲ' ಎಂಬಂತೆ ಕೈಯಾಡಿಸಿದ. ಮರುಕವನ್ನು ಪೂರ್ತಿ ಇಸಿದುಕೊಂಡ.

ಮನೆಯ ದಾರಿಯಲ್ಲಿ ಅವಳು ಮುಂದೆ, ಅವನು ಹಿಂದೆ. ಬಾಗಿಲು ತೆರೆದು ಒಳಗೆ ಹೋದವಳು ಸೀರೆ ಬದಲಿಸಿಕೊಂಡು ಬಂದಳು. ಬಾಯಾರಿಕೆಯಾಗಿ ರಾಚಪ್ಪ ತಾನೇ ನೀರು ತಗೊಂಡು ಕುಡಿದ. ಇನ್ನೂ ಬೆಳಕಿತ್ತು. ಅವಳು ತನ್ನ ಪೆಟ್ಟಿಗೆಯಿಂದ ಏನೋ ಹುಡುಕಿ ತೆಗೆದಳು. ಇಳಕಲ್ಲಿನಿಂದ ತಂದಿಟ್ಟುಕೊಂಡಿದ್ದ, ಸವೆದು ನುಣ್ಣಗಾದ ಖಾಲಿ ಕಂಡಿಕೆಯೊಂದು. ಅವ್ವನದಿರಬೇಕು. ಅವನು ಅದನ್ನು ಈ ಮುಂಚೆ ನೋಡಿರಲಿಲ್ಲ. ಕಿಟಕಿಯ ಹತ್ತಿರ ಕೂತು ಕರಿ ಸೀರೆಯ ಸೆರಗನ್ನು ತೊಡೆಯ ಮೇಲೆ ಹರವಿಕೊಂಡಳು. ಉಗುರಿನಿಂದ ಮೊದಲ ಆನೆಯ ದಾರದ ತುದಿ ಹುಡುಕಿದಳು, ಎಳೆದಳು. ಗಂಟಿಲ್ಲದ ಕೆಲಸ, ಹೋದ ದಾರಿಯಲ್ಲೇ ದಾರ ಸಲೀಸಾಗಿ ಹಿಂದಕ್ಕೆ ಬಂತು. ಬಂದ ದಾರವನ್ನು ಎಡಗೈಯಿಂದ ಕಂಡಿಕೆಗೆ ಸುತ್ತತೊಡಗಿದಳು. ಎಷ್ಟು ವೇಗ, ಎಷ್ಟು ಸಮ! ಒಂದು ಸುತ್ತು ಇನ್ನೊಂದರ ಮೇಲೆ ಏರುತ್ತಿರಲಿಲ್ಲ. ಅವಳ ಕೈ ಹೀಗೆ ಕೆಲಸ ಮಾಡುವುದನ್ನು ರಾಚಪ್ಪ ಕಂಡೇ ಇರಲಿಲ್ಲ. ಸೊಂಡಿಲು ಹೋಯಿತು, ಬೆನ್ನು ಹೋಯಿತು, ಕಾಲುಗಳು ಹೋದವು. ಎರಡನೆಯ ಆನೆ ಶುರುವಾಯಿತು.

"ಏ, ಯಾಕ ಬಿಚ್ಚತಿ ಅದನ್ನ?" ಎಂದ. "ಆರು ತಿಂಗಳ ಕೆಲಸ ಐತಿ."

"ಯಾರ ಕೆಲಸ?" ಎಂದಳು ಗುರುಲಿಂಗವ್ವ.

ದನಿಯಲ್ಲಿ ಸಿಟ್ಟಿರಲಿಲ್ಲ, ಸಂತೆಯಲ್ಲಿ ಬದನೆಕಾಯಿ ಯಾವ ಊರಿನದು ಎಂದು ಕೇಳುವ ಹಾಗೆ ಕೇಳಿದ್ದಳು. ಸುತ್ತುವ ಕೈ ನಿಂತಿತ್ತು. ಉತ್ತರಕ್ಕಾಗಿ ಅವಳು ನಿಜವಾಗಿಯೂ ಕಾದಳು. ರಾಚಪ್ಪ ಬಾಯಿ ತೆರೆದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಕದ ಹಾಕಿತ್ತು, ಆದರೂ ನನ್ನದು ಎಂಬ ಮಾತು ಹೊರಗೆ ಬರಲಿಲ್ಲ. ಅವಳು ಮತ್ತೆ ಸುತ್ತತೊಡಗಿದಳು. ಕತ್ತಲಾಗುವ ಹೊತ್ತಿಗೆ ಸೆರಗು ಬೋಳಾಗಿತ್ತು, ಕಂಡಿಕೆ ತುಂಬಿತ್ತು. ಹತ್ತಿರ ಹೋಗಿ ನೋಡಿದರೆ ಕರಿಯ ಬಟ್ಟೆಯಲ್ಲಿ ಸೂಜಿಯ ತೂತುಗಳು ಆನೆಯ ಆಕಾರದಲ್ಲಿ ಹಾಗೆಯೇ ಉಳಿದಿದ್ದವು. ಅವಳು ಅದನ್ನು ಮಡಚಿ, ಕಂಡಿಕೆಯನ್ನು ಮೇಲಿಟ್ಟು, ರೊಟ್ಟಿ ಬಡಿಯಲು ಎದ್ದು ಹೋದಳು.

ಮರುದಿನ ರಾಚಪ್ಪ ಟ್ರಂಕು ತೆರೆದ. ಗಿಣಿಹಸಿರು, ಅರಿಸಿನ, ನೀಲಿ, ಕುಂಕುಮ. ಅವುಗಳನ್ನು ಪಕ್ಕಕ್ಕೆ ಸರಿಸಿ, ಮದುವೆಯಲ್ಲಿ ಬೀಗರು ಕೊಟ್ಟಿದ್ದ ಬಿಳಿ ಅಂಗಿ ಹುಡುಕಿ ಹಾಕಿಕೊಂಡ. ಬಜಾರಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಕಚೇರಿಯ ಮೆಟ್ಟಿಲು ಹತ್ತುವಾಗ ಎದುರಿಗೆ ಬಂದ ಜವಾನ ಗುರುತು ಸಿಗದೆ ಹಾದುಹೋಗಿ, ಆಮೇಲೆ ತಿರುಗಿ ನಮಸ್ಕಾರ ಮಾಡಿದ. ವೆಂಕಟೇಶ ಚಹಾದ ಕಪ್ಪು ಹಿಡಿದುಕೊಂಡು ಬಂದು ಮೇಜಿನ ಅಂಚಿಗೆ ಕೂತ. ಖಾಲಿ ಕಾಲರನ್ನು ನೋಡಿದ.

"ಏನಲೇ ಇದು, ಇಷ್ಟು ಬೆಳ್ಳಗ? ನಿಮ್ಮ ಅತ್ತಿ ಅಂಗಿ ಕಳಸೂದು ಬಿಟ್ಲೇನು?"

ರಾಚಪ್ಪ ಪೆನ್ನಿನ ಟೊಪ್ಪಿಗೆ ತೆಗೆದ. ಈ ಸಲವೂ ಒಂದು ಕ್ಷಣವೂ ತಡವಾಗಲಿಲ್ಲ.

"ಹೂಂಪಾ," ಎಂದ. "ಆಕಿಗೆ ಈಗ ಕಣ್ಣು ಕಾಣಂಗಿಲ್ಲ."

"ಪಾಪ," ಎಂದ ವೆಂಕಟೇಶ.